ಅದಕ್ಕೆ ಮುಂಚೆ ಏನಾಯ್ತು?

೭ ಜುಲೈ, ಸೋಮವಾರ

ಹಾಜರಿ ಆಯಿತು. ಹಾಲು ಹಂಚಿದ್ದಾಯಿತು. ನಾಲ್ಕನೇ ತರಗತಿಗೆ ಭಾಗಾಕಾರ ಬರೆಸುತ್ತಿದ್ದೆ. ಪಕ್ಕದ ಕೋಣೆಯಿಂದ ಮತ್ತೆ ಗಲಾಟೆ. ಎರಡು ಕೋಣೆಗಳ ನಡುವೆ ಇರುವುದು ಗೋಡೆಯಲ್ಲ, ತಲೆಮಟ್ಟದ ಪ್ಲೈವುಡ್. ಆ ಕಡೆ ಸೀನಿದರೆ ಈ ಕಡೆಯವರು ‘ನೂರು ವರ್ಷ’ ಎನ್ನಬಹುದು, ಅಷ್ಟು ಕೇಳಿಸುತ್ತದೆ.

ಹೋಗಿ ನೋಡಿದೆ. ಮೂರನೇ ತರಗತಿ. ಡೆಸ್ಕುಗಳೆಲ್ಲ ಗೋಡೆಗೆ ಸರಿದಿವೆ. ಮಕ್ಕಳು ನೆಲದ ಮೇಲೆ, ಇಬ್ಬಿಬ್ಬರು, ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದಾರೆ. ಒಬ್ಬರ ಕೈಯಲ್ಲಿ ಮೂರು ಚಿತ್ರ, ಇನ್ನೊಬ್ಬರ ಕೈಯಲ್ಲಿ ಮೂರು. ಆರೂ ಸೇರಿದರೆ ದೋಸೆ ಮಾಡುವ ಕಥೆ. ತೋರಿಸುವಂತಿಲ್ಲ, ತಿರುಗಿ ನೋಡುವಂತಿಲ್ಲ. ಬಾಯಲ್ಲೇ ಹೇಳಿಕೊಂಡು ಯಾವುದು ಮೊದಲು, ಯಾವುದು ಆಮೇಲೆ ಎಂದು ಹೊಂದಿಸಬೇಕು.

“ನನ್ ಹತ್ರ ರುಬ್ಬೋದಿದೆ. ನಿನ್ ಹತ್ರ?”

“ನೆನೆ ಹಾಕೋದು.”

“ಹಂಗಾದ್ರೆ ನೀನೇ ಫಸ್ಟು ಕಣೇ!”

ಆಡಿಸುತ್ತಿರುವವನು ಪ್ರಸನ್ನ. ಜೂನ್‌ನಲ್ಲಿ ಬಂದ ಅತಿಥಿ ಶಿಕ್ಷಕ. ನನ್ನ ಮಗನ ವಯಸ್ಸು. ಎದುರಿಗೆ ‘ಸರ್’ ಅನ್ನುತ್ತೇನೆ, ಇಲ್ಲಿ ಏಕವಚನವೇ ಇರಲಿ. ಗಲಾಟೆ ಕಡಿಮೆ ಮಾಡಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ, “ಗಿರಿಜಾ ಮಿಸ್, ಒಳ್ಳೇ ಟೈಮಿಗೆ ಬಂದ್ರಿ. ಒಂದು ಮಗು ಒಂಟಿಯಾಗಿದೆ. ಐದ್ ನಿಮಿಷ ಜೋಡಿ ಆಗ್ತೀರಾ?”

ಬೈಯಲು ಹೋದವಳು ಸೀರೆ ಮಡಚಿಕೊಂಡು ನೆಲಕ್ಕೆ ಕೂತೆ. ನನ್ನ ಬೆನ್ನಿಗೆ ಒರಗಿದ್ದು ಒಂದು ಪುಟ್ಟ, ಬಿಸಿ ಬೆನ್ನು. ಹೆಸರು ಧನುಶ್ರೀ. ಮೊದಲ ಮಾತು: “ಮಿಸ್, ದೋಸೆ ತಿಂದ್ಬಿಟ್ವಿ.”

ಮುಗಿಯಿತು ಕಥೆ!

೮ ಜುಲೈ, ಮಂಗಳವಾರ

ಇಂದಿನದನ್ನು ಬರೆಯದೆ ಮಲಗಲಾರೆ.

ಪ್ರಸನ್ನ ಶಾಲೆಗೆ ಹೊರಡುವ ಕ್ರಮ ಹೇಳಿಸುತ್ತಿದ್ದ. ಒಂದು ಜೋಡಿ ಮೊದಲು ಶೂ, ಆಮೇಲೆ ಸಾಕ್ಸ್ ಎಂದಿತು. ಉಳಿದವರು ಹೋ ಎಂದು ನಕ್ಕರು. ನಾನಾಗಿದ್ದರೆ ‘ತಪ್ಪು, ಮುಂದಿನವರು ಹೇಳಿ’ ಎಂದು ಮುಗಿಸುತ್ತಿದ್ದೆ. ಪ್ರಸನ್ನ ನಗಲಿಲ್ಲ. “ಹೌದಾ? ಹಂಗೇ ಮಾಡಿ ನೋಡ್ಬಿಡೋಣ” ಎಂದ. ಕುರ್ಚಿಯಲ್ಲಿ ಕೂತು ಸಾಕ್ಸ್ ಬಿಚ್ಚಿದ, ಬರಿಗಾಲಿಗೆ ಶೂ ಹಾಕಿದ, ಶೂ ಮೇಲೆ ಸಾಕ್ಸ್ ಎಳೆದ. ಅದು ಚರ್ರೆಂದಿತು. ಎದ್ದು ಕಾರಿಡಾರ್ ಉದ್ದಕ್ಕೂ ಧಪ ಧಪ ನಡೆದ. ಹಿಂದೆ ಇಡೀ ಮೂರನೇ ತರಗತಿ.

ಎದುರಿಗೆ ಟೀ ಲೋಟ ಹಿಡಿದ ಹೆಡ್‌ಮಾಸ್ಟರು.

“ಏನ್ರೀ ಇದು ಪ್ರಸನ್ನ?”

“ಕ್ರಮ ತಪ್ಪಿದೆ ಸರ್. ಎಲ್ಲಿ ತಪ್ತು ಅಂತ ಹುಡುಕ್ತಾ ಇದೀವಿ.”

ಹೆಡ್‌ಮಾಸ್ಟರು ತುಟಿ ಕಚ್ಚಿಕೊಂಡು ಒಳಗೆ ಹೋದರು. ಬಾಗಿಲು ಹಾಕಿಕೊಂಡ ಮೇಲೆ ನಕ್ಕಿದ್ದು ನನಗೆ ಕೇಳಿಸಿತು. ಶೂ–ಸಾಕ್ಸ್ ಹೇಳಿದ ಆ ಇಬ್ಬರು ಮಕ್ಕಳ ಮುಖ ನೋಡಬೇಕಿತ್ತು. ನಾಚಿಕೆಯ ಸುಳಿವೂ ಇಲ್ಲ. ಏನೋ ಕಂಡುಹಿಡಿದವರ ಹಾಗೆ ಮೆರೆಯುತ್ತಿದ್ದರು.

೧೦ ಜುಲೈ, ಗುರುವಾರ

ದಿನಾ ಕೊನೆಯ ಪೀರಿಯಡ್ ನನ್ನ ಮಕ್ಕಳಿಗೆ ಕಾಪಿ ಬರೆಯಲು ಕೊಟ್ಟು ಆ ಕಡೆ ಹೋಗುತ್ತಿದ್ದೇನೆ. ಪ್ಲೈವುಡ್‌ನ ಸಂದಿಯಿಂದ ಎರಡೂ ಕೋಣೆ ಕಾಣುತ್ತವೆ. ನೆಪ, ಧನುಶ್ರೀಗೆ ಜೋಡಿ ಇಲ್ಲ ಎಂಬುದು.

ಈ ಹುಡುಗಿಗೆ ಕಥೆ ಯಾವಾಗಲೂ ಬಾಲದಿಂದ ಹಿಡಿಯುವ ಅಭ್ಯಾಸ. ಎಲ್ಲಕ್ಕಿಂತ ಜೋರಾದದ್ದು ಮೊದಲು ಬರುತ್ತದೆ. ಉಳಿದದ್ದು ದಿಕ್ಕಾಪಾಲು.

“ಮಿಸ್, ನಾಯಿ ಓಡೋಯ್ತು!”

“ಯಾವ ನಾಯಿ?”

“ಅಜ್ಜಿ ಬೈದ್ರಲ್ಲ, ಅದು. ಸೀರೆ ಒದ್ದೆ ಆಗೋಯ್ತು.”

ತಲೆ ಬುಡ ತಿಳಿಯಲಿಲ್ಲ. ಪ್ರಸನ್ನ ದೂರದಿಂದಲೇ ಹೇಳಿದ, “ಮಿಸ್, ನೀವು ಒಂದೇ ಒಂದು ಪ್ರಶ್ನೆ ಕೇಳಬೇಕು. ‘ಅದಕ್ಕೆ ಮುಂಚೆ?’ ಬೇರೆ ಏನೂ ಕೇಳಂಗಿಲ್ಲ. ಅದೇ ಆಟ.”

ಕೇಳಿದೆ. ನಾಯಿ ಓಡೋಯ್ತು, ಅದಕ್ಕೆ ಮುಂಚೆ? ಅಜ್ಜಿ ಬೈದ್ರು. ಅದಕ್ಕೆ ಮುಂಚೆ? ಬಕೆಟ್ ಬಿತ್ತು. ಅದಕ್ಕೆ ಮುಂಚೆ? ನಾಯಿ ನೀರು ಕುಡಿಯೋಕೆ ಬಂತು. ಅದಕ್ಕೆ ಮುಂಚೆ? ಸ್ವಲ್ಪ ಯೋಚಿಸಿದಳು. “ಅಜ್ಜಿ ಸೀರೆ ಒಗೀತಾ ಇದ್ರು ಮಿಸ್.” ಕಣ್ಣು ಅರಳಿತು. ಬೆಟ್ಟದ ಬುಡದಿಂದ ಮೇಲೆ ನೋಡಿದವಳ ಹಾಗೆ ಇಡೀ ಕಥೆಯನ್ನು ಗಡಗಡ ಹೇಳಿ ಮುಗಿಸಿದಳು, ಒಂದೂ ತಪ್ಪಿಲ್ಲದೆ.

ಮೈ ಜುಮ್ಮೆಂದಿತು ನನಗೆ. ಬರೀ ಒಂದು ಪ್ರಶ್ನೆ!

೧೭ ಜುಲೈ, ಗುರುವಾರ

ನಮ್ಮ ಯಜಮಾನರ ಅಂಗಡಿ ಅವೆನ್ಯೂ ರಸ್ತೆಯಲ್ಲಿ, ಕಾಗದದ ವ್ಯಾಪಾರ. ಮಕ್ಕಳ ಆಟದ ಚಿತ್ರಗಳಿಗೆ ಬೇಕೆಂದಿದ್ದೆ. ಡ್ರಾಯಿಂಗ್ ಶೀಟಿನ ಅಂಚು ಕತ್ತರಿಸಿ ಉಳಿದ ತುಂಡುಗಳನ್ನು ಚೀಲದ ತುಂಬ ತಂದಿಟ್ಟರು. “ಇಷ್ಟ್ ವರ್ಷ ಕೊಡ್ತೀನಿ ಅಂದ್ರೂ ಬೇಡ ಅಂತಿದ್ಯಲ್ಲ ಗಿರಿಜಾ. ಈಗೇನು?” ಎಂದರು. ಪ್ರಸನ್ನನ ವಿಷಯ ಹೇಳಿದೆ. ಊಟ ಮುಗಿಯುವವರೆಗೂ ಹೇಳುತ್ತಲೇ ಇದ್ದೆನಂತೆ. “ಆ ಹುಡುಗನ್ನ ಒಂದಿನ ಮನೆಗೆ ಕರಿ, ನೋಡ್ಬೇಕು” ಎಂದರು ಈಶ್ವರ್.

ಇಂದು ಬಿಡುವಿನಲ್ಲಿ ಪ್ರಸನ್ನನನ್ನು ಕೇಳಿದೆ. ಗಡಿಯಾರ ನೋಡಲು ಕಲಿಸಿದರೆ ಕ್ರಮ ತಾನೇ ಬರುವುದಿಲ್ಲವೇ?

“ಇಲ್ಲ ಮಿಸ್. ಗಡಿಯಾರ ಆಮೇಲೆ. ಮಕ್ಕಳಿಗೆ ಎಷ್ಟ್ ಗಂಟೆ ಅಂತ ಗೊತ್ತಿಲ್ದಿದ್ರೂ ಪರವಾಗಿಲ್ಲ, ಯಾವುದರ ಪಕ್ಕ ಯಾವುದು ಅಂತ ಗೊತ್ತಿದ್ರೆ ಸಾಕು. ಆಮೇಲೆ... ಒಬ್ರೇ ಕೂತು ಕ್ರಮ ಹಚ್ಚೋಕೆ ಬೇಜಾರು. ಕೇಳೋಕೆ ಒಬ್ರು ಇದ್ರೆ ತಾನೇ ಸರಿಯಾಗಿ ಹೇಳ್ಬೇಕು ಅನ್ಸುತ್ತೆ.”

ಎಷ್ಟು ಸರಳವಾಗಿ ಹೇಳಿಬಿಟ್ಟ. ಪ್ಯಾಂಟಿನ ಮಂಡಿಯೆಲ್ಲ ಧೂಳು, ಅಂಗಿಯ ತೋಳಿಗೆ ಸೀಮೆಸುಣ್ಣ.

ಸಂಜೆ ಗೇಟಿನಲ್ಲಿ ಧನುಶ್ರೀಯ ಅಜ್ಜಿ ಸಿಕ್ಕರು. ಗಂಗರತ್ನಮ್ಮ. ಸರ್ಕಾರಿ ಕಚೇರಿಯಲ್ಲಿ ಗ್ರೂಪ್ ಡಿ ನೌಕರಿ ಮಾಡಿ ನಿವೃತ್ತರಾದವರು. ಎತ್ತರದ ದನಿ, ಬಾಯಿಗೆ ಬಿಡುವಿಲ್ಲ. ಗವಿಪುರಂನಲ್ಲಿ ನಮ್ಮ ಹಿಂದಿನ ಬೀದಿಯೇ ಅವರದು. ದಿನಾ ಮೊಮ್ಮಗಳನ್ನು ನಡೆಸಿಕೊಂಡು ಬರುತ್ತಾರೆ, ಕರೆದೊಯ್ಯುತ್ತಾರೆ. ಸೊಸೆ ಸೂಪರ್ ಮಾರ್ಕೆಟ್‌ನಲ್ಲಿ ಬೆಳಗಿನ ಶಿಫ್ಟ್. ಮಗ ಲಾರಿ ಮೇಲೆ ಊರೂರು.

“ಏನ್ ಮಿಸ್, ನಮ್ ಹುಡ್ಗಿ ಮನೇಲಿ ನನ್ ಪ್ರಾಣ ತಿಂತಾಳೆ! ಏನ್ ಹೇಳಿದ್ರೂ ಅದಕ್ಕೆ ಮುಂಚೆ, ಅದಕ್ಕೆ ಮುಂಚೆ. ಕೇಳಿ ಕೇಳಿ ನನ್ ಮದುವೆ ತನಕ ಹೋಗ್ಬಿಟ್ಟಿದೀವಿ!”

ನಗುತ್ತ ನಗುತ್ತ ರಸ್ತೆ ದಾಟಿದರು, ಅಜ್ಜಿ ಮೊಮ್ಮಗಳು, ಕೈ ಕೈ ಹಿಡಿದುಕೊಂಡು.

೩೧ ಜುಲೈ, ಗುರುವಾರ

ಎರಡು ವಾರ ಬರೆಯಲಾಗಲಿಲ್ಲ. ಕಿರುಪರೀಕ್ಷೆ, ಮಾರ್ಕ್ಸು, ಮೀಟಿಂಗು.

ಹೊಸ ಆಟ ಬಂದಿದೆ. ‘ತಪ್ಪು ಹಿಡಿ’. ಒಬ್ಬರು ತಮ್ಮ ಬೆಳಗಿನ ಕಥೆಯನ್ನು ಕ್ರಮವಾಗಿ ಹೇಳುವುದು. ಜೋಡಿಯವರು ಅದನ್ನೇ ತಿರುಗಿ ಹೇಳುತ್ತ, ಬೇಕೆಂದೇ ಒಂದು ಕಡೆ ಹಿಂದುಮುಂದು ಮಾಡುವುದು. ಹೇಳಿದವರು ಅಲ್ಲೇ ಹಿಡಿಯಬೇಕು.

ನಾನು ಧನುಶ್ರೀಗೆ ನಾಜೂಕಾಗಿ ಬಲೆ ಹಾಕಿದೆ. ಹಲ್ಲುಜ್ಜಿದ್ದು, ಹಾಲು ಕುಡಿದದ್ದು, ಎಲ್ಲ ಸರಿ ಹೇಳಿ, ಅಜ್ಜಿ ಹೂ ಮುಡಿಸಿದ ಮೇಲೆ ಜಡೆ ಹಾಕಿದರು ಎಂದೆ. ಗೆದ್ದೆ ಅಂದುಕೊಂಡೆ.

“ಮಿಸ್! ಜಡೆ ಇಲ್ದೆ ಹೂವು ಎಲ್ಲಿ ನಿಲ್ಲುತ್ತೆ?”

ಬಿದ್ದು ಬಿದ್ದು ನಕ್ಕಳು. ನಾನೂ.

ಸ್ಟಾಫ್ ರೂಮಿನಲ್ಲಿ ಯಾರೋ, ‘ಪ್ರಸನ್ನ ಆಟ ಆಡಿಸಿ ಸಂಬಳ ತಗೊಳ್ತಾನೆ’ ಎಂದರು. ಟಿಫನ್ ಡಬ್ಬಿ ಮುಚ್ಚಿಟ್ಟು, ಒಂದು ಸಲ ಬಂದು ಕೂತು ನೋಡಿ, ಆಮೇಲೆ ಮಾತಾಡಿ ಎಂದೆ. ಸ್ವಲ್ಪ ಜೋರಾಗಿಯೇ ಹೇಳಿದೆ ಅನ್ನಿಸುತ್ತದೆ. ಪ್ರಸನ್ನ ಅಲ್ಲಿರಲಿಲ್ಲ, ಪುಣ್ಯ.

೧೬ ಆಗಸ್ಟ್, ಶನಿವಾರ. ಸಂಜೆ

ಮೊದಲಿನಿಂದ ಬರೆಯಬೇಕು.

ನಿನ್ನೆ ಧ್ವಜಾರೋಹಣ, ಇಂದು ಶಾಲೆಗೆ ರಜೆ. ಬೆಳಗ್ಗೆ ರೊಟ್ಟಿ ತಟ್ಟುತ್ತಿದ್ದೆ. ಬಾಗಿಲು ದಬದಬ. ಧನುಶ್ರೀ, ಚಪ್ಪಲಿ ಇಲ್ಲದೆ.

“ಮಿಸ್... ಅಜ್ಜಿ ಏಳ್ತಾ ಇಲ್ಲ.”

ಇವರನ್ನು ಕೂಗಿಕೊಂಡು ಹಾಗೇ ಓಡಿದೆ. ಅಡುಗೆಮನೆ ಹೊಸ್ತಿಲ ಬಳಿ ಗಂಗರತ್ನಮ್ಮ ನೆಲದ ಮೇಲೆ. ಕಣ್ಣು ತೆರೆದಿದೆ. ಬಾಯಿ ಒಂದು ಕಡೆಗೆ ಎಳೆದಿದೆ. ಬಲಗೈ ಯಾರದೋ ಕೈಯಂತೆ ಬಿದ್ದಿದೆ. ನನ್ನನ್ನು ನೋಡಿ ಏನೋ ಹೇಳಲು ಹೋದರು. ಅಷ್ಟು ಮಾತಿನ ಹೆಂಗಸಿನಿಂದ ಬಂದದ್ದು ಬರೀ ಒಂದು ಸ್ವರ.

ಈಶ್ವರ್ ಆಟೋ ನಿಲ್ಲಿಸಿದರು. ಆಟೋದವನೂ ಸೇರಿ ಮೂವರು ಎತ್ತಿ ಕೂರಿಸಿದೆವು. ಧನುಶ್ರೀ ನನ್ನ ತೊಡೆಯ ಮೇಲೆ. ದಾರಿಯಲ್ಲೇ ಅವಳ ಅಮ್ಮನಿಗೆ ಫೋನು. ಆಕೆ ಕೌಂಟರ್ ಬಿಟ್ಟು ಹೊರಟೆ ಎಂದಳು. ಟ್ರಾಫಿಕ್ಕು, ಬರಲು ಹೊತ್ತಾಗುತ್ತದೆ.

ಎಮರ್ಜೆನ್ಸಿಯಲ್ಲಿ ಡಾಕ್ಟರು, ಮೂವತ್ತರ ಆಸುಪಾಸಿನ ಹೆಣ್ಣುಮಗಳು, ನೋಡಿದ ಕೂಡಲೇ ಸ್ಟ್ರೋಕ್ ಎಂದರು. ಸ್ಕ್ಯಾನಿಗೆ ಕಳಿಸುತ್ತಲೇ ಕೇಳಿದರು, “ಕೊನೇ ಸಲ ಇವರು ಚೆನ್ನಾಗಿದ್ದಿದ್ದನ್ನ ಯಾರು ನೋಡಿದ್ರು? ಯಾವಾಗ?”

ಧನುಶ್ರೀಯ ಅಮ್ಮನನ್ನು ಫೋನಿನಲ್ಲಿ ಕೇಳಿದೆವು. ಐದೂವರೆಗೆ ಮನೆ ಬಿಟ್ಟೆ, ಆಗ ಕಾಫಿ ಮಾಡಿಕೊಟ್ಟರು, ಚೆನ್ನಾಗಿದ್ದರು. ಅಷ್ಟೇ ಗೊತ್ತು. ಡಾಕ್ಟರು ಗೋಡೆಯ ಗಡಿಯಾರ ನೋಡಿದರು. ಹತ್ತೂ ಮುಕ್ಕಾಲು.

“ನಾಲ್ಕೂವರೆ ಗಂಟೆ ಒಳಗೆ ಶುರುವಾಗಿದ್ರೆ ಹೆಪ್ಪು ಕರಗಿಸೋಕೆ ಒಂದು ಇಂಜೆಕ್ಷನ್ ಇದೆ. ಮೀರಿದ್ರೆ ಕೊಡೋಕಾಗಲ್ಲ ಮೇಡಂ, ತಲೇಲಿ ರಕ್ತಸ್ರಾವ ಆಗೋ ಅಪಾಯ. ಐದೂವರೆ ಅಂತ ಇಟ್ಕೊಂಡ್ರೆ ಟೈಮ್ ಮುಗಿದೋಗಿದೆ.”

“ಮಗು ಜೊತೇಲೇ ಇತ್ತು” ಎಂದೆ.

ಡಾಕ್ಟರು ಬಗ್ಗಿ ಕೇಳಿದರು, “ಪುಟ್ಟಾ, ಅಜ್ಜಿಗೆ ಎಷ್ಟು ಗಂಟೆಗೆ ಹೀಗಾಯ್ತು?”

ಧನುಶ್ರೀ ನನ್ನ ಸೆರಗು ಹಿಡಿದುಕೊಂಡಳು. “ಅಜ್ಜಿ ಬಿದ್ಬಿಟ್ರು” ಎಂದಳು. ಮತ್ತೆ ಅದನ್ನೇ ಎಂದಳು. ಗಂಟೆ ಗೊತ್ತಿಲ್ಲ.

ನೆಲಕ್ಕೆ ಕೂತೆ. ಆಸ್ಪತ್ರೆಯ ಕಾರಿಡಾರಿನಲ್ಲಿ, ಎಲ್ಲರ ಓಡಾಟದ ನಡುವೆ. ಅವಳನ್ನು ತಿರುಗಿಸಿ ಬೆನ್ನಿಗೆ ಬೆನ್ನು ಕೊಟ್ಟೆ. ಏಕೆ ಹಾಗೆ ಮಾಡಿದೆನೋ ತಿಳಿಯದು. ನನ್ನ ಮುಖದ ಗಾಬರಿ ಅವಳಿಗೆ ಕಾಣದಿರಲಿ ಎಂದಿರಬೇಕು.

“ಅಜ್ಜಿ ಬಿದ್ರು. ಅದಕ್ಕೆ ಮುಂಚೆ?”

ಉಸಿರು ಕೇಳಿಸಿತು. ಆಮೇಲೆ ದನಿ. “ನಾನ್ ಕೆಳಗೆ ಕುಂಟೆಬಿಲ್ಲೆ ಆಡ್ತಿದ್ದೆ.”

“ಅದಕ್ಕೆ ಮುಂಚೆ?”

“ಲೋಟ ಬಿತ್ತು ಅಜ್ಜಿ ಕೈಯಿಂದ.”

“ಅದಕ್ಕೆ ಮುಂಚೆ?”

“ಜಡೆ ಹಾಕಿದ್ರು.”

“ಅದಕ್ಕೆ ಮುಂಚೆ?”

“ತಲೆಗೆ ನೀರು ಹಾಕಿದ್ರು. ಅದಕ್ಕೆ ಮುಂಚೆ ಕಸದ ಆಟೋ ಬಂತು. ಅಜ್ಜಿನೇ ಬಕೆಟ್ ತಗೊಂಡೋಗಿ ಹಾಕಿದ್ರು. ಆಟೋ ಅಣ್ಣನ ಜೊತೆ ಜಗಳಾನೂ ಆಡಿದ್ರು.”

ಡಾಕ್ಟರು ಮಂಡಿಯೂರಿ ಕೂತರು. ನನ್ನನ್ನು ನೋಡಿ ಮೆಲ್ಲಗೆ, “ಮಕ್ಕಳು ದಿನಾ ನಡೆಯೋದನ್ನೇ ಇವತ್ತಿಂದು ಅಂತ ಹೇಳ್ಬಿಡ್ತಾರೆ ಮೇಡಂ. ನಂಬಬಹುದಾ?” ನ್ಯಾಯವಾದ ಅನುಮಾನ.

ತಿರುಗಿ ಹೇಳಿದೆ, ಬೇಕೆಂದೇ ಕೆಡಿಸಿ. “ಸರಿ ಧನು. ಅಜ್ಜಿ ತಲೆಗೆ ನೀರು ಹಾಕಿದ್ರು. ಜಡೆ ಹಾಕಿದ್ರು. ಆಮೇಲೆ ಕಸದ ಆಟೋ ಬಂತು. ಆಮೇಲೆ ಲೋಟ ಬಿತ್ತು.”

“ಅಲ್ಲ ಮಿಸ್!” ಬೆನ್ನು ನೆಟ್ಟಗಾಯಿತು. “ಆಟೋ ಬಂದಾಗ ನಾನಿನ್ನೂ ಸ್ನಾನಾನೇ ಮಾಡಿರಲಿಲ್ಲ. ಹಳೇ ಫ್ರಾಕಲ್ಲೇ ಮೆಟ್ಲಲ್ಲಿ ನಿಂತಿದ್ದೆ. ಇವತ್ತು ರಜ ಅಂತ ಅಜ್ಜಿ ಲೇಟಾಗಿ ನೀರು ಹಾಕಿದ್ರು.”

ಡಾಕ್ಟರು ಅವಳ ಜಡೆ ಮುಟ್ಟಿ ನೋಡಿದರು. ಎರಡು ಜಡೆ, ಬಿಗಿಯಾಗಿ, ಸಮನಾಗಿ, ಕೆಂಪು ರಿಬ್ಬನ್ನು ಹೂವಿನಂತೆ. ಬುಡದಲ್ಲಿ ಕೂದಲು ಇನ್ನೂ ಒದ್ದೆ. ಸೋತ ಬಲಗೈ ಹಾಕುವ ಜಡೆಯಲ್ಲ ಅದು.

“ಕಸದ ಆಟೋ ಎಷ್ಟೊತ್ತಿಗೆ ಬರುತ್ತೆ ನಿಮ್ ಕಡೆ?”

ಅದು ನನಗೆ ಗೊತ್ತಿತ್ತು! ಅದೇ ಆಟೋ ಅವರ ಬೀದಿ ಮುಗಿಸಿ ನಮ್ಮ ಬೀದಿಗೆ ಬರುವುದು. ಇಂದು ಕಸ ಕೊಟ್ಟವಳು ನಾನೇ. ಒಳಗೆ ಬಂದಾಗ ರೇಡಿಯೋದಲ್ಲಿ ಎಂಟು ಗಂಟೆಯ ವಾರ್ತೆ ಮುಗಿಯುತ್ತಿತ್ತು.

“ಎಂಟರವರೆಗೂ ಚೆನ್ನಾಗೇ ಇದ್ರು ಹಾಗಾದ್ರೆ” ಎಂದರು ಡಾಕ್ಟರು. “ಟೈಮ್ ಇದೆ.” ಎದ್ದು ಓಡಿದರು. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇರಲಿಲ್ಲ. ಸೊಸೆಯನ್ನು ಫೋನಿನಲ್ಲಿ ಒಪ್ಪಿಸಿ ಇಂಜೆಕ್ಷನ್ ಕೊಟ್ಟರು. ಆಮೇಲೆ ಹೊರಗೆ ಬಂದು, ಧನುಶ್ರೀ ಕೆನ್ನೆ ಹಿಡಿದು, “ನೀನ್ ತುಂಬಾ ಚೆನ್ನಾಗಿ ಹೇಳಿದೆ ಪುಟ್ಟಾ” ಎಂದರು. ಅವಳು ನನ್ನ ಸೆರಗಿನಲ್ಲಿ ಮುಖ ಹುದುಗಿಸಿದಳು.

ಅವಳ ಅಮ್ಮ ಬಂದು, ಮಗುವನ್ನು ತಬ್ಬಿಕೊಂಡು ಅಲ್ಲೇ ಕುಸಿದಳು.

ಎಂಟು ವರ್ಷದ ಮಗು! ಎಲ್ಲಿಂದ ಬಂತು ಆ ಧೈರ್ಯ, ಆ ನೆನಪು... ಹೆಮ್ಮೆಯಿಂದ ಎದೆ ಬಿರಿಯುವಂತಿದೆ. ಪ್ರಸನ್ನನಿಗೆ ಯಾವಾಗ ಹೇಳುತ್ತೇನೋ.

೧೮ ಆಗಸ್ಟ್, ಸೋಮವಾರ

ಗಂಗರತ್ನಮ್ಮ ಉಳಿದರು. ಬಲಗಾಲು ಆಡುತ್ತಿದೆ. ಬೆರಳು ನಿಧಾನ. ಮಾತು ಇನ್ನೂ ಇಲ್ಲ, ಬರುತ್ತದಂತೆ, ತಡವಾಗಿ.

ಶಾಲೆಗೆ ಹೋದವಳೇ ಪ್ರಸನ್ನನನ್ನು ಹಿಡಿದು ಎಲ್ಲವನ್ನೂ ಹೇಳಿದೆ. ಕುಣಿಯುತ್ತಾನೆ ಅಂದುಕೊಂಡಿದ್ದೆ. ಕಣ್ಣು ತುಂಬಿ ಬಂತು ಅವನಿಗೆ, ಸರಿ. ಆದರೆ ಮೊದಲ ಮಾತು: “ಮಿಸ್, ಲೋಟ ಬಿದ್ದಿದ್ದಕ್ಕೂ ಅವಳು ನಿಮ್ಮನೆಗೆ ಓಡಿ ಬಂದಿದ್ದಕ್ಕೂ ಮಧ್ಯೆ ಕುಂಟೆಬಿಲ್ಲೆ ಆಡ್ತಿದ್ದೆ ಅಂದ್ಲಾ?”

ಹೌದು ಎಂದೆ.

“ಪಾಪ” ಎಂದ. ಅಷ್ಟೇ.

ಏಕೆಂದು ನನಗೆ ಅರ್ಥವಾಗಲಿಲ್ಲ.

೨೧ ಆಗಸ್ಟ್, ಗುರುವಾರ

ಧನುಶ್ರೀ ಇಂದು ಶಾಲೆಗೆ ಬಂದಳು. ಹೆಡ್‌ಮಾಸ್ಟರು ಪ್ರಾರ್ಥನೆಯಲ್ಲಿ ಅವಳ ಹೆಸರು ಹೇಳಿ ಚಪ್ಪಾಳೆ ಹೊಡೆಸಿದರು. ತಲೆ ತಗ್ಗಿಸಿ ನಿಂತಿದ್ದಳು. ಜಡೆ ಒಂದೇ, ಸಡಿಲವಾಗಿ, ಅಮ್ಮ ಹಾಕಿದ್ದು.

ಕೊನೆಯ ಪೀರಿಯಡ್‌ನಲ್ಲಿ ಹೋಗಿ ಪಕ್ಕ ಕೂತೆ. “ಬೇಡ ಮಿಸ್” ಎಂದಳು. ಆಟ ಬೇಡ. ಚಿತ್ರಗಳನ್ನು ಮುಟ್ಟಲಿಲ್ಲ. ಮನೆಯಲ್ಲೂ ಹೀಗೇ ಅಂತೆ, ಕೇಳಿದರೆ ಹೂಂ, ಉಹೂಂ.

ಈಗ ಅರ್ಥವಾಯಿತು. ಎಲ್ಲವನ್ನೂ ಕ್ರಮವಾಗಿ ಇಟ್ಟದ್ದು ಅವಳೇ. ಇಟ್ಟ ಮೇಲೆ ಅದರಲ್ಲಿ ತಾನು ಎಲ್ಲಿದ್ದೆ ಎಂಬುದು ಅವಳಿಗೇ ಕಂಡಿದೆ. ಲೋಟ ಬಿತ್ತು. ನಾನು ಆಡಲು ಹೋದೆ. ಅಜ್ಜಿ ಬಿದ್ದರು. ನಾವೆಲ್ಲ ಶಹಬ್ಬಾಸ್ ಅನ್ನುತ್ತಿದ್ದೇವೆ, ಮಗು ಅದರ ನಡುವೆ ಸಿಕ್ಕಿಕೊಂಡು ಒದ್ದಾಡುತ್ತಿದೆ.

ನಿನ್ನದೇನೂ ತಪ್ಪಿಲ್ಲ ಎಂದು ಹೇಳೋಣವೇ ಎಂದು ಪ್ರಸನ್ನನನ್ನು ಕೇಳಿದೆ.

“ಹೇಳಿದ್ರೆ ಹೂಂ ಅಂತಾಳೆ ಮಿಸ್. ನಂಬಲ್ಲ.” ನೆಲದ ಮೇಲಿನ ಚಿತ್ರಗಳನ್ನು ಎತ್ತಿಡುತ್ತ ಮುಂದುವರಿಸಿದ, “ಆದ್ರೆ ಒಂದ್ ವಿಷ್ಯ. ಅವಳ ಕಥೇಲಿ ಲೋಟ ಬಿದ್ಮೇಲೆ ಅಜ್ಜಿ ಮಾತೇ ಇಲ್ಲ. ಗೇಟ್ ಹತ್ರ ನೋಡಿದೀನಲ್ಲ ನಾನು, ಸುಮ್ನಿರೋ ಹೆಂಗಸಾ ಅವರು? ಲೋಟ ಬಿತ್ತು ಅಂದ್ರೆ ಲೋಟಕ್ಕೇ ಬೈತಾರೆ. ಅಲ್ಲಿ ಏನೋ ಒಂದು ಬಿಟ್ಟೋಗಿದೆ ಮಿಸ್.”

ಎಷ್ಟು ಸೂಕ್ಷ್ಮವಾಗಿ ಕೇಳಿಸಿಕೊಂಡಿದ್ದಾನೆ! ಅಲ್ಲಿದ್ದವಳು ನಾನು, ಅವಳ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದವಳು ನಾನು. ಬಿಟ್ಟುಹೋದದ್ದು ಕಂಡದ್ದು ಅವನಿಗೆ.

“ಅವಳನ್ನ ಕೇಳೋದಾ?”

“ಬೇಡ. ಅಜ್ಜಿಗೆ ಮಾತು ಬರ್ಲಿ.”

೨೮ ಆಗಸ್ಟ್, ಗುರುವಾರ

ನಿನ್ನೆ ಗಣೇಶನ ಹಬ್ಬ. ಗಂಗರತ್ನಮ್ಮ ಮೊನ್ನೆಯೇ ಮನೆಗೆ ಬಂದರು. ಕಡುಬು ತೆಗೆದುಕೊಂಡು ಹೋಗಿದ್ದೆ. ಮಾತು ಬರುತ್ತಿದೆ, ಆದರೆ ಪದಗಳು ಅದಲುಬದಲು. ನನ್ನನ್ನು ನೋಡಿ “ಕೊಡೆ ಬಂತು” ಎಂದರು. ತಾವೇ ನಕ್ಕರು. ಧನುಶ್ರೀ ಬಾಗಿಲ ಮರೆಯಲ್ಲಿ ನಿಂತೇ ಇದ್ದಳು. ಅಜ್ಜಿಯ ಹಾಸಿಗೆಯ ಹತ್ತಿರ ಬರಲೇ ಇಲ್ಲ.

ಶಾಲೆಯಲ್ಲಿ ಪ್ರಸನ್ನ ಅವಳನ್ನು ಬಲವಂತ ಮಾಡುತ್ತಿಲ್ಲ. ಬೇರೆ ಜೋಡಿಗಳಿಗೆ ಚಿತ್ರ ಹಂಚುವ ಕೆಲಸ ಕೊಟ್ಟಿದ್ದಾನೆ. ಪ್ರತಿದಿನ ಅವಳ ಎದುರಿಗೆ ಒಮ್ಮೆ ಕೂರುತ್ತಾನೆ, ಏನೂ ಕೇಳದೆ, ಸುಮ್ಮನೆ. ಎದ್ದು ಹೋಗುತ್ತಾನೆ. ಮಾತು ತುಂಬಿದ ಕೋಣೆಯಲ್ಲಿ ಹಾಗೆ ಸುಮ್ಮನೆ ಕೂರುವುದು ನನ್ನಿಂದಾಗದು.

೩೧ ಆಗಸ್ಟ್, ಭಾನುವಾರ. ಮಧ್ಯಾಹ್ನ

ಈಗತಾನೇ ಬಂದೆ. ಪ್ರಸನ್ನನೂ ಬಂದಿದ್ದ, ಮೋಸಂಬಿ ಹಿಡಿದುಕೊಂಡು.

ಗಂಗರತ್ನಮ್ಮ ದಿಂಬಿಗೆ ಒರಗಿ ಕೂತಿದ್ದರು. ಸೊಸೆ ಕಾಫಿ ಕೊಟ್ಟಳು. ಧನುಶ್ರೀ ಕಿಟಕಿಯ ಸರಳು ಹಿಡಿದುಕೊಂಡು ಬೀದಿ ನೋಡುತ್ತಿದ್ದಳು. ಪ್ರಸನ್ನ ಅವಳನ್ನು ಕರೆಯಲೂ ಇಲ್ಲ. ಅಜ್ಜಿಯ ಮಂಚದ ಪಕ್ಕ, ನೆಲದ ಮೇಲೆ ಕೂತ.

“ಅಜ್ಜೀ, ನಾನು ಧನುಶ್ರೀ ಮೇಷ್ಟ್ರು. ಆವತ್ತು ಬೆಳಗ್ಗೆ ಏನಾಯ್ತು? ನೆನಪಿದೆಯಾ?”

ಗಂಗರತ್ನಮ್ಮ ಹೊತ್ತು ತೆಗೆದುಕೊಂಡರು. “ಬಾಗಿಲು... ಬಿತ್ತು.”

ಅಲ್ಲ ಎಂದು ತಾವೇ ತಲೆಯಾಡಿಸಿದರು. ಎಡಗೈಯಲ್ಲಿ ಕುಡಿಯುವ ಹಾಗೆ ತೋರಿಸಿದರು. ಪದ ಸಿಗುತ್ತಿಲ್ಲ. ಮುಖ ಕೆಂಪಾಯಿತು. ಪ್ರಸನ್ನ ಪದ ಎತ್ತಿ ಕೊಡಲಿಲ್ಲ. ನನ್ನ ತುದಿನಾಲಿಗೆಗೆ ಬಂದಿತ್ತು. ಅವನು ನನ್ನ ಕಡೆ ನೋಡಿದ, ನುಂಗಿಕೊಂಡೆ.

ಕಿಟಕಿಯ ಕಡೆಯಿಂದ ಸಣ್ಣ ದನಿ. “ಲೋಟ.”

“ಹಾಂ. ಲೋಟ. ಬಿತ್ತು. ಕೈ... ಇಲ್ಲ ನಂದು. ಸತ್ತೋಯ್ತು.”

“ಆಮೇಲೆ ಅಜ್ಜಿ?”

“ಹೋಗು ಅಂದೆ.” ಎಡಗೈಯನ್ನು ಬಾಗಿಲ ಕಡೆ ಬೀಸಿದರು, ಕೋಳಿ ಓಡಿಸುವ ಹಾಗೆ. “ಇವಳಿಗೆ. ಹೋಗು, ಆಡ್ಕೋ... ಹೋಗು ಅಂತ. ಬೈದೆ. ಹೋಗ್ಲಿಲ್ಲ ಇವಳು. ಮತ್ತೆ ಬೈದೆ.”

“ಯಾಕಜ್ಜಿ?”

ಗಂಗರತ್ನಮ್ಮನ ಕಣ್ಣಲ್ಲಿ ನೀರು ಇಳಿಯಿತು. ದನಿ ಮಾತ್ರ ಹಳೆಯ ದನಿಯ ಹತ್ತಿರ ಬಂತು. “ಗೊತ್ತಾಯ್ತಲ್ಲ ನಂಗೆ... ಏನೋ ಆಗುತ್ತೆ ಅಂತ. ಮಗು ಕಣ್ಣೆದುರಿಗೆ... ಬೀಳಬಾರ್ದು ಅಂತ.”

ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಧನುಶ್ರೀ ಸರಳು ಬಿಟ್ಟು ತಿರುಗಿದಳು. ಅಜ್ಜಿಯನ್ನೇ ನೋಡಿದಳು. ಹುಬ್ಬು ಗಂಟಿಕ್ಕಿತ್ತು, ತೀರ ಕಷ್ಟದ ಚಿತ್ರಗಳನ್ನು ಹೊಂದಿಸುವಾಗ ಇರುವಂತೆ.

“ನೀವು ಎರಡ್ ಸಲ ಬೈದ್ರಿ” ಎಂದಳು. “ಮುಂಡೇದೆ ಹೋಗು ಅಂದ್ರಿ.”

“ಅಂದೆ” ಎಂದರು ಗಂಗರತ್ನಮ್ಮ.

ಧನುಶ್ರೀ ಮಂಚ ಹತ್ತಿ, ಅಜ್ಜಿಯ ಸೋತ ಕೈಯನ್ನು ಎತ್ತಿ ತನ್ನ ಹೆಗಲ ಮೇಲೆ ಹಾಕಿಕೊಂಡು ಕೂತಳು. ಅಳಲಿಲ್ಲ. ನಾವು ಹೊರಡುವವರೆಗೂ ಹಾಗೇ ಕೂತಿದ್ದಳು.

ಮೆಟ್ಟಿಲು ಇಳಿಯುವಾಗ ನಾನೇ ಮಾತು ತೆಗೆದೆ. ನಿಮಗೆ ಮೊದಲೇ ಗೊತ್ತಿತ್ತೇ?

“ಇಲ್ಲ ಮಿಸ್, ಎಲ್ಲಿ! ಅಜ್ಜಿ ಬೇರೆ ಏನಾದ್ರೂ ಹೇಳಿದ್ರೆ ಏನ್ ಮಾಡೋದು ಅಂತ ರಾತ್ರಿಯೆಲ್ಲ ನಿದ್ದೆ ಇಲ್ಲ.”

ಊಟಕ್ಕೆ ಬನ್ನಿ ಎಂದೆ. ಇವರು ಕಾಯುತ್ತಿದ್ದಾರೆ, ನಿಮ್ಮನ್ನು ನೋಡಬೇಕಂತೆ ಎಂದೆ. ಬಂದ. ಈಶ್ವರ್ ಅವನಿಗೆ ತಾವೇ ಬಡಿಸಿದರು, ತುಪ್ಪ ಎರಡು ಸಲ. ಅವನು ಹೋದ ಮೇಲೆ, “ಚಿಕ್ಕ ಹುಡುಗ ಕಣೇ” ಎಂದರು. ಅಷ್ಟೇ ಎಂದದ್ದು, ಆದರೆ ದನಿಯಲ್ಲಿ ಮೆಚ್ಚುಗೆ ಇತ್ತು.

೧ ಸೆಪ್ಟೆಂಬರ್, ಸೋಮವಾರ. ಪ್ರಾರ್ಥನೆಗೆ ಮುಂಚೆ

ಸ್ಟಾಫ್ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಇನ್ನೂ ಯಾರೂ ಬಂದಿಲ್ಲ. ಪ್ರಸನ್ನ ಆ ಕಡೆ ಡೆಸ್ಕು ಸರಿಸುವ ಸದ್ದು. ಇಂದಿನಿಂದ ನನ್ನ ನಾಲ್ಕನೆಯವರಿಗೂ ಜೋಡಿ ಆಟ ಶುರು ಮಾಡಬೇಕು ಎಂದುಕೊಂಡಿದ್ದೇನೆ. ಹೇಗೆ ಶುರು ಮಾಡುವುದೋ, ಸ್ವಲ್ಪ ಅಂಜಿಕೆ... ಅವನನ್ನೇ ಕೇಳಿದರಾಯಿತು.

ಬಾಗಿಲಲ್ಲಿ ಯಾರೋ. ಧನುಶ್ರೀ. ಬ್ಯಾಗು ಇನ್ನೂ ಬೆನ್ನ ಮೇಲೆ, ಓಡಿ ಬಂದು ಏದುಸಿರು. “ಮಿಸ್, ಮನೇಲಿ ಒಂದು ವಿಷ್ಯ ಆಯ್ತು. ಎಲ್ಲಾ ಹೇಳ್ಲಾ? ಮೊದಲು—”